ಇಬ್ಬರು ಡಾಕ್ಟರುಗಳ ನಡುವೆ ನನ್ನ ಕೆಮ್ಮು

ಕನ್ನಡ ಕೂಟದ ಊಟಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಲಲಿತಾ ಆಂಟಿ, ಆ ಚೈನಾಟೌನ್ ಡಾಕ್ಟರ್ ನಂಬರ್ ಕೊಡ್ತೀರಾ?" ಎಂದು ಕೇಳುತ್ತಾರೆ. ಕೇಳುವವರಿಗೆ ಅಸ್ತಮಾ ಇರುತ್ತದೆ, ಇಲ್ಲವೇ ಊರಿನಿಂದ ಬಂದಿರುವ ಅವರ ಅತ್ತೆಗೆ ದಮ್ಮು ಇರುತ್ತದೆ. ನಂಬರ್ ಕೊಡುವುದು ಸುಲಭ. ಅದರ ಜೊತೆಗೆ ಹೇಳಬೇಕಾದ ಸಂಗತಿ ಬಹಳ ಇದೆ. ಹೇಳಲು ಹೊರಟರೆ ಅರ್ಧದಲ್ಲೇ ನನಗೆ ಕೆಮ್ಮು ಹತ್ತಿಕೊಳ್ಳುತ್ತದೆ, ಅವರು ಗಾಬರಿಯಾಗಿ ನೀರು ತರಲು ಓಡುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಅದಕ್ಕೇ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ನನಗೆ ಆರು ವರ್ಷವಿದ್ದಾಗ ಅರಸೀಕೆರೆಯಲ್ಲಿ ನಾಯಿಕೆಮ್ಮು ಬಂದಿತ್ತಂತೆ. ಬದುಕುವುದೇ ಅನುಮಾನ ಅಂದಿದ್ದರಂತೆ. ಬದುಕಿದೆ. ಆಮೇಲೆ ಪ್ರತಿ ಚಳಿಗಾಲ ಕೆಮ್ಮುತ್ತಲೇ ಬೆಳೆದೆ. ಮನೆಯಲ್ಲಿ ಅದಕ್ಕೆ "ಲಲಿತಾದು ಶೀತದ ಮೈ" ಎಂದು ಹೆಸರಿಟ್ಟು ಸುಮ್ಮನಾಗಿದ್ದರು. ಮದುವೆಯಾಗಿ ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದ ಮೇಲೆ ಶೀತದ ಮೈಗೆ ಹಿಮವೂ ಸೇರಿತು, ಮನೆ ತುಂಬಾ ಕಾರ್ಪೆಟ್ಟೂ ಸೇರಿತು, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಗುಂಯ್‌ಗುಡುವ ಹೀಟರಿನ ಒಣಗಾಳಿಯೂ ಸೇರಿತು.

ನಮ್ಮ ಮಗಳು ಮೇಧಾ ಮಿಡ್ಲ್ ಸ್ಕೂಲ್ ಸೇರಿದ ವರ್ಷ ನನಗೆ ಹತ್ತಿರದ ಒಂದು ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಕೆಮ್ಮುವ ಹೆಂಗಸಿಗೆ ಗ್ರಂಥಾಲಯದಲ್ಲೇ ಕೆಲಸ ಸಿಗಬೇಕೇ! ಸೇರುವ ಮೊದಲು ಟಿ.ಬಿ. ಇದೆಯೋ ಇಲ್ಲವೋ ನೋಡಲು ಮುಂಗೈಗೆ ಸೂಜಿ ಚುಚ್ಚಿದರು. ಎರಡೇ ದಿನಕ್ಕೆ ಅಲ್ಲಿ ಗೋಲಿ ಗಾತ್ರದ ಗಂಟು ಎದ್ದಿತು. ಚಿಕ್ಕಂದಿನಲ್ಲಿ ಬಿ.ಸಿ.ಜಿ. ಹಾಕಿಸಿಕೊಂಡ ನಮ್ಮಂಥವರಿಗೆ ಹಾಗೆ ಊದಿಕೊಳ್ಳುವುದು ಉಂಟು ಎಂದು ನಾನು ಹೇಳಿದೆ. ನರ್ಸ್ ತಲೆಯಾಡಿಸಿ, ಎಕ್ಸ್‌ರೇ ತೆಗೆಸಿ, ಮೂರು ಬೆಳಗ್ಗೆ ಕಫ ತಂದುಕೊಡಿ ಎಂದಳು. ಮೂರರಲ್ಲೂ ಏನೂ ಸಿಗಲಿಲ್ಲ. ಅಷ್ಟರಲ್ಲಿ ಸುದ್ದಿ ಹೇಗೋ ನಮ್ಮವರ ಮನೆಗಳಿಗೆ ಮುಟ್ಟಿತ್ತು. ಆ ತಿಂಗಳು ಒಂದು ಸತ್ಯನಾರಾಯಣ ಪೂಜೆಗೆ ಹೋದರೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ, ನನಗೊಬ್ಬಳಿಗೆ ಪೇಪರ್ ಕಪ್. ಕೊಟ್ಟವರು ನನ್ನ ಮುಖ ನೋಡಲಿಲ್ಲ. ನಾನೂ ಕುಡಿದು, ಕಪ್ಪನ್ನು ನಾನೇ ಕಸದ ಡಬ್ಬಕ್ಕೆ ಹಾಕಿ ಬಂದೆ.

ಆಮೇಲಿನ ಎರಡು ವರ್ಷ ನನ್ನ ಕೆಮ್ಮಿಗೆ ಸಿಕ್ಕ ಹೆಸರುಗಳು ಒಂದೆರಡಲ್ಲ. ಒಬ್ಬರು ಅಲರ್ಜಿ ಅಂದರು, ಬೆಕ್ಕು ಸಾಕಿದ್ದೀರಾ ಎಂದು ಕೇಳಿದರು. ಒಬ್ಬರು ಅಸ್ತಮಾ ಅಂದರು. ಮತ್ತೊಬ್ಬರು ನನ್ನನ್ನು ಬಿಟ್ಟು ನನ್ನ ಗಂಡನ ಕಡೆ ತಿರುಗಿ, "ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯೇ?" ಎಂದರು. ಕೊನೆಗೆ ಶ್ವಾಸಕೋಶದ ತಜ್ಞರೊಬ್ಬರು ನನ್ನನ್ನು ದೊಡ್ಡ ಮೆಷಿನ್ನಿನೊಳಗೆ ಮಲಗಿಸಿ ಸ್ಕ್ಯಾನ್ ಮಾಡಿಸಿದರು. ಅವರಿಗೆ ನಮ್ಮ ಮನೆಯಲ್ಲಿ ಲಂಗ್ ಡಾಕ್ಟರ್ ಎಂದೇ ಹೆಸರು. ಕಾಯಿಲೆ ಬ್ರಾಂಕಿಯೆಕ್ಟೇಸಿಸ್ ಎಂದು ಅವರು ಹೇಳಿದರು. ಉಸಿರಿನ ನಾಳಗಳು ಹಳೇ ಎಲಾಸ್ಟಿಕ್‌ನಂತೆ ಹಿಗ್ಗಿಹೋಗಿವೆ, ಕಫ ಮೇಲೆ ಬರದೆ ಅಲ್ಲೇ ನಿಂತು ಕೊಳೆಯುತ್ತದೆ, ಬಹುಶಃ ಆ ನಾಯಿಕೆಮ್ಮಿನಿಂದಲೇ ಹೀಗಾಗಿರಬೇಕು. ಇಷ್ಟನ್ನೂ ಅವರು ಒಂದು ಕೈ ಬಾಗಿಲ ಹಿಡಿಯ ಮೇಲೆ ಇಟ್ಟುಕೊಂಡೇ ಹೇಳಿದರು. "ನಾವು ಇದನ್ನು ಮ್ಯಾನೇಜ್ ಮಾಡೋಣ" ಎಂದು ಹೊರಟರು. ಗುಣವಾಗುತ್ತದೆಯೇ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮ್ಯಾನೇಜ್ ಮಾಡುವುದೆಂದರೆ ಹೀಗೆ. ದಿನವೂ ಬೆಳಗ್ಗೆ ಹಾಸಿಗೆಯ ಅಂಚಿಗೆ ದಿಂಬು ಒಟ್ಟಿ, ತಲೆ ಕೆಳಗಾಗಿ ನಾನು ಬೋರಲು ಮಲಗಬೇಕು. ನನ್ನ ಗಂಡ ಶ್ರೀಪಾದ ಅಂಗೈಯನ್ನು ಬಟ್ಟಲಿನಂತೆ ಮಡಚಿ ಬೆನ್ನಿನ ಮೇಲೆ ತಟ್ಟಬೇಕು, ಎಡಕ್ಕೆ ಹತ್ತು ನಿಮಿಷ, ಬಲಕ್ಕೆ ಹತ್ತು ನಿಮಿಷ. ಕಫ ಸಡಿಲವಾಗಿ ಬಾಯಿಗೆ ಬರುತ್ತದೆ. ಅವರು ಪಕ್ಕದ ಊರು ಪಿಸ್ಕಾಟವೇಯಲ್ಲಿ ಟೆಲಿಫೋನ್ ಎಂಜಿನಿಯರ್. ರೇಡಿಯೋದಲ್ಲಿ ಟ್ರಾಫಿಕ್ ಸುದ್ದಿ ಹಾಕಿಕೊಂಡು ತಟ್ಟುತ್ತಿದ್ದರು. ಮೇಧಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಳ್ಳುತ್ತಿದ್ದಳು.

ಇಷ್ಟು ಮಾಡಿದರೂ ಕಾಯಿಲೆ ವರ್ಷದಲ್ಲಿ ನಾಲ್ಕೈದು ಸಲ ಕೆರಳುತ್ತಿತ್ತು. ಮೊದಲು ಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು. ಮಾರನೇ ದಿನ ಕಫ ಹಸಿರಾಗುವುದು. ಆಮೇಲೆ ಜ್ವರ, ಪಕ್ಕೆ ನೋವು, ಕೆಲವೊಮ್ಮೆ ಒಂದೆಳೆ ರಕ್ತ. ಡಾಕ್ಟರ ಆಫೀಸಿಗೆ ಫೋನ್ ಮಾಡಿದರೆ ಹೋಲ್ಡ್ ಮಾಡಿ ಎನ್ನುತ್ತಿದ್ದರು, ಸಂಗೀತ ಹಾಕುತ್ತಿದ್ದರು, ಡಾಕ್ಟರು ವಾಪಸ್ ಫೋನ್ ಮಾಡುತ್ತಾರೆ ಎನ್ನುತ್ತಿದ್ದರು. ಗುಳಿಗೆ ಕೈಗೆ ಬರುವಷ್ಟರಲ್ಲಿ ಮೂರು ದಿನ ಕಳೆದು ನಾನು ಹಾಸಿಗೆ ಹಿಡಿದಿರುತ್ತಿದ್ದೆ. ಹತ್ತು ದಿನ ಆ್ಯಂಟಿಬಯಾಟಿಕ್, ಮೂರು ವಾರ ಆರಾಮ, ಮತ್ತೆ ಮೊದಲಿಂದ ಶುರು. ಜೊತೆಗೆ ಉಸಿರಾಟ ಸಲೀಸಾಗಲಿ ಎಂದು ಥಿಯೋಫಿಲಿನ್ ಎಂಬ ಗುಳಿಗೆ ದಿನಕ್ಕೆರಡು. ಒಮ್ಮೆ ಮನೆಯಲ್ಲಿ ಶುಂಠಿ ಕಷಾಯ ಕುಡಿಯುತ್ತೇನೆ ಎಂದಿದ್ದಕ್ಕೆ ಲಂಗ್ ಡಾಕ್ಟರ್ ನಕ್ಕು, "ಸೂಪ್ ಕುಡಿದರೂ ನನ್ನ ಆಕ್ಷೇಪಣೆ ಇಲ್ಲ" ಎಂದಿದ್ದರು. ಆ ನಗು ನನಗೆ ಚುಚ್ಚಿತ್ತು. ಆಮೇಲೆ ಅವರ ಹತ್ತಿರ ಅಂಥ ಮಾತೇ ಎತ್ತಲಿಲ್ಲ.

ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಗ್ರೇಸ್‌ಳದು. ಹಾಂಗ್‌ಕಾಂಗ್‌ನವಳು, ನನಗಿಂತ ಐದಾರು ವರ್ಷ ದೊಡ್ಡವಳು, ಮಾತು ಕಡಿಮೆ. ಕೆಮ್ಮು ಬಂದಾಗ ನಾನು ಹಿಂದಿನ ಕೋಣೆಗೆ ಓಡಿ ಹೋಗಿ ಕೆಮ್ಮುತ್ತಿದ್ದೆ. ಆ ಕೋಣೆಯಲ್ಲಿ ಅವಳ ಮೇಜು. ಒಂದು ದಿನ ತಲೆಯೆತ್ತದೆಯೇ ಹೇಳಿದಳು: "ನನ್ನ ಅಮ್ಮನದೂ ಇದೇ ಸದ್ದು. ಶನಿವಾರ ಬಿಡುವಿದ್ದರೆ ಅವಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀನಿ."

ಮನೆಯಲ್ಲಿ ಹೇಳಿದಾಗ ಶ್ರೀಪಾದ ಪೇಪರ್ ಕೆಳಗಿಟ್ಟರು. "ನಮ್ಮಮ್ಮ ಊರಿಂದ ಕಷಾಯದ ಪುಡಿ ಕಳಿಸಿದ್ರೆ ಡಬ್ಬದಲ್ಲೇ ಹುಳ ಬಂತು. ಈಗ ಚೀನಾ ಕಷಾಯ ಕುಡೀತೀಯಾ?"

"ಇದು ಕೆಲಸ ಮಾಡಿದ್ರೆ ನಿಮಗೇನ್ರೀ ನಷ್ಟ?"

"ನಂಗೇನೂ ಇಲ್ಲ ಕಣೇ. ಹೋಗಿ ಬಾ."

ಚೈನಾಟೌನಿನ ಒಂದು ಗಲ್ಲಿಯಲ್ಲಿ, ಗಿಡಮೂಲಿಕೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕೋಣೆ. ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಏದುಸಿರು. ಒಳಗೆ ಗೋಡೆಗೊರಗಿಸಿದ ಸ್ಟೂಲುಗಳ ಮೇಲೆ ಹತ್ತು ಹನ್ನೆರಡು ಜನ. ಅವರಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು, ಅದೂ ಬಾಯಿತುಂಬ, ಸಂಕೋಚವಿಲ್ಲದೆ. ನಾನೂ ಕೆಮ್ಮಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಹಾಗೆ ನಿರಾಳವಾಗಿ ಕೆಮ್ಮಿದ್ದು ಅದೇ ಮೊದಲು.

ವೈದ್ಯರಿಗೆ ಎಪ್ಪತ್ತರ ಮೇಲಿರಬೇಕು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ಸೊಸೆ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ನಾಲಿಗೆ ನೋಡಿದರು. ಕಫ ಯಾವ ಬಣ್ಣ, ಗಟ್ಟಿಯೋ ತೆಳುವೋ, ಬೆಳಗ್ಗೆ ಜಾಸ್ತಿಯೋ ಸಂಜೆಯೋ, ಬಾಯಾರಿದಾಗ ಬಿಸಿನೀರು ಬೇಕೆನ್ನಿಸುತ್ತದೋ ತಣ್ಣೀರೋ, ನಿದ್ದೆ ಹೇಗೆ, ಊಟ ಹೇಗೆ ಎಂದು ಒಂದೊಂದಾಗಿ ಕೇಳಿದರು. ನನ್ನನ್ನು ಇಷ್ಟು ವಿಚಾರಿಸಿದವರು ಯಾರೂ ಇರಲಿಲ್ಲ. ಉತ್ತರ ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಮುದುಕರು ಅದನ್ನೂ ಗಮನಿಸಿ ಏನೋ ಬರೆದುಕೊಂಡರು.

ಆಮೇಲೆ ಸೊಸೆಯ ಹತ್ತಿರ ಐದು ನಿಮಿಷ ಮಾತಾಡಿದರು. ಅವಳು ನನ್ನ ಕಡೆ ತಿರುಗಿ ಹೇಳಿದಳು: "ಹೊಟ್ಟೆ ವೀಕ್. ಕಫ ಹೊಟ್ಟೆಯಲ್ಲಿ ಹುಟ್ಟಿ ಲಂಗ್ಸ್‌ನಲ್ಲಿ ಕೂರುತ್ತೆ. ಐಸ್ ವಾಟರ್ ಬೇಡ, ಬಾಳೆಹಣ್ಣು ಬೇಡ, ಕರಿದಿದ್ದು ಬೇಡ, ಹಾಲು ಮೊಸರು ಬೇಡ."

"ಮೊಸರು ಬೇಡವೇ?"

"ಮೊಸರು ಬೇಡ."

ಐದು ನಿಮಿಷದ ಮಾತು ಇಷ್ಟೇ ಆಗಿರಲಾರದು ಎಂದು ಆಗಲೇ ನನಗೆ ಅನುಮಾನ ಬರಬೇಕಿತ್ತು. ಆದರೆ ನನ್ನ ತಲೆಯಲ್ಲೆಲ್ಲ ಮೊಸರನ್ನವೇ ತುಂಬಿತ್ತು.

ಕೊನೆಗೆ ಅವಳು, "ವೆಸ್ಟರ್ನ್ ಮೆಡಿಸಿನ್ ಏನಾದರೂ ತಗೋತಾ ಇದ್ದೀರಾ?" ಎಂದಳು. ಕಾಯುತ್ತಿದ್ದಾಗ ಪಕ್ಕದ ಸ್ಟೂಲಿನವನು ನನಗೆ, ಎರಡೂ ಔಷಧ ತೆಗೆದುಕೊಳ್ಳುವವರನ್ನು ಈ ಡಾಕ್ಟರು ನೋಡುವುದಿಲ್ಲ, ವಾಪಸ್ ಕಳಿಸುತ್ತಾರೆ ಎಂದು ಹೇಳಿದ್ದ. ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಅಷ್ಟು ದೂರ ಬಂದು, ಅಷ್ಟು ಅತ್ತು, ವಾಪಸ್ ಹೋಗುವ ಧೈರ್ಯ ನನಗಿರಲಿಲ್ಲ. "ಇಲ್ಲ, ನಿಲ್ಲಿಸಿದ್ದೀನಿ" ಎಂದೆ. ಗ್ರೇಸ್ ಕೆಳಗೆ ಅಂಗಡಿಯಲ್ಲಿದ್ದಳು. ಅವಳಿಗೆ ಇದು ಗೊತ್ತಾಗಲಿಲ್ಲ.

ಕಂದು ಕಾಗದದ ಪೊಟ್ಟಣಗಳು ಮನೆಗೆ ಬಂದವು. ಒಳಗೆ ತೊಗಟೆ, ಬೇರು, ಒಣಗಿದ ಕಿತ್ತಳೆ ಸಿಪ್ಪೆ, ಬಾದಾಮಿಯಂಥ ಏನೋ ಬೀಜ. ಅದರಲ್ಲಿ ನನಗೆ ಗುರುತು ಸಿಕ್ಕಿದ್ದು ಜ್ಯೇಷ್ಠಮಧು ಒಂದೇ. ಮೂರು ಬಟ್ಟಲು ನೀರು ಹಾಕಿ ಒಂದು ಬಟ್ಟಲಿಗೆ ಇಳಿಸಬೇಕು. ಮಣ್ಣಿನ ಪಾತ್ರೆಯಲ್ಲಿ ಅದು ಕುದಿಯತೊಡಗಿದರೆ ಒದ್ದೆ ಮರ, ಹಳೇ ಗೋಣಿಚೀಲ, ಸುಟ್ಟ ಬೆಲ್ಲ ಎಲ್ಲ ಸೇರಿದ ವಾಸನೆ ಕಾರ್ಪೆಟ್ಟಿಗೆ ಹತ್ತಿ ಬಿಡುತ್ತಲೇ ಇರಲಿಲ್ಲ.

"ಮಾಮ್, ಇಟ್ಸ್ ಇನ್ ಮೈ ಹೇರ್!" ಎಂದು ಮೇಧಾ ಕಿರುಚಿದಳು.

"ತಲೆ ತೊಳ್ಕೊಳ್ಳೇ."

"ಐ ಡಿಡ್. ಟ್ವೈಸ್. ನಾನು ಯಾವ ಫ್ರೆಂಡ್‌ನೂ ಮನೆಗೆ ಕರೆಯಲ್ಲ." ಸಿಟ್ಟು ಹೆಚ್ಚಾದಾಗ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತಿತ್ತು.

ಮೊದಲ ಎರಡು ತಿಂಗಳು ನಿಜವಾಗಿಯೂ ಗೆಲುವಾದೆ. ಹಸಿವಾಯಿತು. ಮೆಟ್ಟಿಲು ಹತ್ತಿದಾಗ ನಿಲ್ಲಬೇಕಾಗುತ್ತಿರಲಿಲ್ಲ. ವೈದ್ಯರು ಹೇಳಿದಂತೆ ಪೇರ್ ಹಣ್ಣನ್ನು ಕಲ್ಲುಸಕ್ಕರೆ ಹಾಕಿ ಬೇಯಿಸಿ ತಿಂದರೆ ಗಂಟಲು ತಣ್ಣಗಾಗುತ್ತಿತ್ತು. ಲಂಗ್ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ನೋಡಿ, "ಗುಡ್, ಔಷಧಿ ಕೆಲಸ ಮಾಡುತ್ತಿದೆ" ಎಂದರು. ನಾನು ಮುಗುಳ್ನಕ್ಕು ಸುಮ್ಮನಿದ್ದೆ. ಅವರ ಆಫೀಸಿನ ಫಾರಮ್ಮಿನಲ್ಲಿ "ಬೇರೆ ಔಷಧಿಗಳು" ಎಂಬ ಸಾಲಿನ ಎದುರು "ಇಲ್ಲ" ಎಂದು ನನ್ನ ಕೈಯಾರೆ ಬರೆದೆ.

ಡಿಸೆಂಬರ್‌ನಲ್ಲಿ ಕಾಯಿಲೆ ಮತ್ತೆ ಕೆರಳಿತು. ಕಷಾಯವನ್ನೂ ಪಥ್ಯವನ್ನೂ ಇಷ್ಟು ನಿಷ್ಠೆಯಿಂದ ಮಾಡಿದ ಮೇಲೂ ಕಫ ಹಸಿರಾದಾಗ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಲಂಗ್ ಡಾಕ್ಟರಿಗೆ ಫೋನ್ ಮಾಡಿ ಸಂದೇಶ ಬಿಟ್ಟೆ. ಅವರ ಉತ್ತರಕ್ಕೆ ಕಾಯದೆ ಬಸ್ ಹತ್ತಿ ಚೈನಾಟೌನಿಗೆ ಹೋದೆ. ಮುದುಕರು ಹಳೇ ಕಷಾಯ ನಿಲ್ಲಿಸಿ ಎಂದರು. ಕೆರಳಿದಾಗ ಕೊಡುವುದೇ ಬೇರೆ, ಆರಾಮಾಗಿದ್ದಾಗ ಕೊಡುವುದೇ ಬೇರೆಯಂತೆ. ಹೊಸ ಪೊಟ್ಟಣ ಕಟ್ಟಿಸಿದರು. ಗಾಜಿನ ಬಟ್ಟಲುಗಳೊಳಗೆ ಬೆಂಕಿ ಆಡಿಸಿ ನನ್ನ ಬೆನ್ನಿಗೆ ಕವುಚಿ ಹಾಕಿದರು. ಬೆನ್ನಿನ ಚರ್ಮ ಬಟ್ಟಲೊಳಕ್ಕೆ ಸೆಳೆದುಕೊಂಡು ಬಿಗಿಯಾಯಿತು. ನೋವಾಗಲಿಲ್ಲ. ತೆಗೆದ ಮೇಲೆ ಎದೆ ಹಗುರಾದಂತೆಯೂ ಅನ್ನಿಸಿತು. ಮುದುಕರು ಬೆರಳೆತ್ತಿ ಬಹಳ ಹೊತ್ತು ಏನೋ ಹೇಳಿದರು. ಸೊಸೆ, "ಮೂರು ದಿನ ಕುಡಿಯಿರಿ, ಕಡಿಮೆ ಆಗದಿದ್ದರೆ ಬನ್ನಿ" ಎಂದಳು. ಹೊರಗೆ ಜನ ಕಾಯುತ್ತಿದ್ದರು.

ಮಾರನೇ ದಿನದಿಂದ ಹೊಸ ಕಷಾಯವನ್ನೂ ಕುಡಿದೆ, ಎಂದಿನ ಥಿಯೋಫಿಲಿನ್ ಗುಳಿಗೆಯನ್ನೂ ನುಂಗಿದೆ. ಎರಡನೇ ದಿನ ಮಧ್ಯಾಹ್ನ ಗ್ರಂಥಾಲಯದಲ್ಲಿ ವಾಪಸ್ ಬಂದ ಪುಸ್ತಕಗಳನ್ನು ಎತ್ತಿಕೊಂಡು ನಿಂತಿದ್ದೆ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈ ನಡುಗಿ ಪುಸ್ತಕಗಳೆಲ್ಲ ನೆಲಕ್ಕೆ ಬಿದ್ದವು. ಗ್ರೇಸ್ ಓಡಿ ಬಂದು ನನ್ನನ್ನು ಕೂರಿಸಿ ಆ್ಯಂಬುಲೆನ್ಸ್‌ಗೆ ಫೋನ್ ಮಾಡಿದಳು.

ಎಮರ್ಜೆನ್ಸಿಯಲ್ಲಿ ವೈರುಗಳನ್ನು ಅಂಟಿಸಲು ನರ್ಸ್ ನನ್ನ ಬಟ್ಟೆ ಸರಿಸಿದಳು. ಗಾಜಿನ ಬಟ್ಟಲುಗಳು ಬೆನ್ನಿನ ಮೇಲೆ ಬಿಟ್ಟಿದ್ದ ದುಂಡನೆಯ ನೀಲಿ ಗುರುತುಗಳನ್ನು ನೋಡಿ ಅವಳ ಕೈ ನಿಂತಿತು. ಅಷ್ಟರಲ್ಲಿ ಶ್ರೀಪಾದ ಆಫೀಸಿನಿಂದ ಹೇಗೋ ಓಡಿ ಬಂದಿದ್ದರು. ಅವಳು ಅವರ ಕಡೆ ತಿರುಗಿ, "ಸರ್, ನೀವು ಸ್ವಲ್ಪ ಹೊರಗಿರಿ" ಎಂದಳು. ಪರದೆ ಎಳೆದು ನನ್ನ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದಳು: "ಮನೆಯಲ್ಲಿ ನಿಮ್ಮನ್ನು ಯಾರಾದರೂ ಹೊಡೆಯುತ್ತಾರಾ? ನನ್ನ ಹತ್ತಿರ ಹೇಳಬಹುದು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಗು ಬಂತು, ನಗುವಿನ ಬೆನ್ನಿಗೇ ಕೆಮ್ಮು, ಕೆಮ್ಮಿನ ಜೊತೆ ರಕ್ತ. ಅವಳು ಇನ್ನಷ್ಟು ಗಂಭೀರವಾದಳು. "ಗಂಡ ದಿನಾ ಬೆಳಗ್ಗೆ ಬೆನ್ನಿಗೆ ತಟ್ಟುತ್ತಾರೆ, ಅದು ಡಾಕ್ಟರೇ ಹೇಳಿದ್ದು" ಎಂದು ನಾನು ವಿವರಿಸಲು ಹೊರಟೆ. ಉಸಿರು ಸಾಲದೆ "ಗಂಡ ದಿನಾ ಬೆಳಗ್ಗೆ..." ಎನ್ನುವಲ್ಲಿಗೆ ಮಾತು ನಿಂತಿತು. ಮುಂದಿನ ಒಂದು ಗಂಟೆ ಶ್ರೀಪಾದ ಕಾರಿಡಾರಿನಲ್ಲಿ ಕೂತಿದ್ದರು. ಎದುರಿಗೆ ಒಬ್ಬ ಗಾರ್ಡ್ ನಿಂತಿದ್ದ. ನಾನು ಒಳಗೆ ಉಸಿರು ಹಿಡಿದು, ತುಂಡು ತುಂಡಾಗಿ, ಚೈನಾಟೌನು, ಗಾಜಿನ ಬಟ್ಟಲು, ಕಷಾಯ ಎಲ್ಲವನ್ನೂ ಒಪ್ಪಿಸಿದೆ.

ಕಷಾಯದಲ್ಲಿ ಏನಿತ್ತು ಎಂದು ಡ್ಯೂಟಿ ಡಾಕ್ಟರ್ ಕೇಳಿದ. ಗೊತ್ತಿಲ್ಲ ಎಂದೆ. ಅಷ್ಟು ದಿನ ಕುಡಿದದ್ದು ಏನೆಂದು ಗೊತ್ತಿಲ್ಲ ಎಂದು ಹೇಳುವಾಗ ನನಗೇ ನಾಚಿಕೆಯಾಯಿತು. ಶ್ರೀಪಾದ ಮನೆಗೆ ಹೋಗಿ ಪಾತ್ರೆಯ ತಳದಲ್ಲಿದ್ದ ಚರಟವನ್ನು ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ ತಂದರು. ಡಾಕ್ಟರ್ ಅದನ್ನು ಕಡ್ಡಿಯಿಂದ ಕೆದಕಿ, ಮೂಸಿ, ಮುಚ್ಚಳ ಹಾಕಿಟ್ಟ. ಅವನಿಗೂ ಏನೂ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಲಂಗ್ ಡಾಕ್ಟರ್ ಬಂದರು. ಮುಖ ಕೆಂಪಾಗಿತ್ತು. "ಕಡ್ಡಿ ಸೊಪ್ಪಿಗಾಗಿ ಪ್ರಾಣ ಕಳೆದುಕೊಳ್ಳುತ್ತೀರಾ?"

"ನೀವು ಯಾವತ್ತೂ ಕೇಳಲಿಲ್ಲ" ಎಂದೆ.

ಅವರು ಫೈಲ್ ತೆಗೆದು ನಾನು ಬರೆದಿದ್ದ "ಇಲ್ಲ" ಎಂಬುದರ ಮೇಲೆ ಬೆರಳಿಟ್ಟರು. ಅಕ್ಷರ ನನ್ನದೇ.

ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಅರ್ಧ ದಾರಿ ಶ್ರೀಪಾದ ಟ್ರಾಫಿಕ್ ಸುದ್ದಿ ಕೇಳುತ್ತಾ ಕಾರು ಓಡಿಸಿದರು. ಆಮೇಲೆ ಕೇಳಿದರು: "ಒಂದು ಮಾತು ಕೇಳ್ತೀನಿ ಲಲಿತಾ. ನಿಜ ಹೇಳೋಕೆ ನಿಂಗೇನು ಕಷ್ಟ ಆಗಿತ್ತು?"

"ಇಬ್ರೂ ಕೈ ಬಿಟ್ಬಿಟ್ರೆ ಅಂತ ಹೆದರಿಕೆ ಆಯ್ತು ರೀ."

ಅವರು ಸಿಗ್ನಲ್ ಹಸಿರಾದರೂ ಕಾರು ಎತ್ತಲಿಲ್ಲ. "ಆ ನರ್ಸ್ ನನ್ನ ಮುಖ ನೋಡ್ಲಿಲ್ಲ ಕಣೇ. ನನ್ನ ಕೈ ನೋಡ್ತಿದ್ಲು." ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಮಾರನೇ ಬೆಳಗ್ಗೆ ನಾನು ದಿಂಬುಗಳ ಮೇಲೆ ಬೋರಲು ಮಲಗಿದೆ. ಶ್ರೀಪಾದ ಬಂದು ನಿಂತರು. ಅಂಗೈ ಬೆನ್ನಿನ ಮೇಲೆ ಇಟ್ಟರು. ತಟ್ಟಲಿಲ್ಲ. ಆ ನೀಲಿ ಗುರುತುಗಳು ಇನ್ನೂ ಮಾಸಿರಲಿಲ್ಲ. "ನನ್ನ ಕೈಲಿ ಆಗ್ತಿಲ್ಲ" ಎಂದು ಕೋಣೆಯಿಂದ ಹೊರಗೆ ಹೋದರು. ತಲೆ ಕೆಳಗಾಗಿ, ಕಫ ಗಂಟಲಿಗೆ ಬಂದು ನಿಂತು, ಏಳಲೂ ಆಗದೆ ನಾನು ಹಾಗೇ ಬಿದ್ದುಕೊಂಡಿದ್ದೆ. ಅಷ್ಟರಲ್ಲಿ ಮೇಧಾ ಬಂದಳು. ಸ್ಕೂಲ್ ಬ್ಯಾಗ್ ಹೆಗಲಿಗಿತ್ತು. ಅದನ್ನು ಕೆಳಗಿಳಿಸಿ ಕೇಳಿದಳು: "ಓಕೆ. ಶೋ ಮಿ ವೇರ್."

"ನಿಂಗೆ ಬಸ್ ತಪ್ಪುತ್ತೆ."

"ಮಾಮ್. ವೇರ್?"

ಹೇಳಿಕೊಟ್ಟೆ. ಮೊದಮೊದಲು ಗಾಜಿನ ಪಾತ್ರೆ ಮುಟ್ಟಿದಂತೆ ತಟ್ಟಿದಳು. "ಜೋರಾಗಿ" ಎಂದೆ. ಜೋರಾಗಿ ತಟ್ಟಿದಳು, ತಟ್ಟುತ್ತಾ ಅಳುತ್ತಿದ್ದಳು. ನನಗೆ ಕಾಣಿಸುತ್ತಿರಲಿಲ್ಲ, ಮೂಗು ಸೇದುವುದು ಕೇಳಿಸುತ್ತಿತ್ತು. ಒಂದು ವಾರ ಅವಳೇ ಮಾಡಿದಳು. ಎಂಟನೇ ದಿನ ಶ್ರೀಪಾದ ಬಂದು ರೇಡಿಯೋ ಹಾಕಿ ಕೈ ಮಡಚಿಕೊಂಡರು.

ನಾನು ಕೆಲಸಕ್ಕೆ ಹೋದ ದಿನ ಗ್ರೇಸ್ ಕಣ್ಣು ತಪ್ಪಿಸಿದಳು. ತನ್ನಿಂದಲೇ ಹೀಗಾಯಿತು ಎಂದುಕೊಂಡಿದ್ದಳು. ನಾನು ಆ ಮುದುಕರಿಗೆ ಹೇಳಿದ ಸುಳ್ಳನ್ನು ಅವಳಿಗೆ ಒಪ್ಪಿಸಿದೆ. ಅವಳು ಪೆನ್ನು ಕೆಳಗಿಟ್ಟು, "ಚೀಟಿ ಇದೆಯಾ?" ಎಂದಳು. ಹೊಸ ಪೊಟ್ಟಣದ ಜೊತೆ ಬಂದಿದ್ದ ಚೀನೀ ಅಕ್ಷರದ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಊಟದ ಹೊತ್ತಿನಲ್ಲಿ ಅವಳು ಒಂದೊಂದೇ ಹೆಸರು ಓದಿದಳು, ನಾನು ರೆಫರೆನ್ಸ್ ಪುಸ್ತಕಗಳಲ್ಲಿ ಹುಡುಕಿದೆ. ನಾಲ್ಕು ದಿನ ಹಿಡಿಯಿತು. ಮಾ ಹುವಾಂಗ್ ಎಂಬ ಒಂದು ಕಡ್ಡಿ ಸಿಕ್ಕಿತು. ಉಸಿರಾಟ ಸಲೀಸು ಮಾಡುತ್ತದೆ, ಎದೆಬಡಿತ ಏರಿಸುತ್ತದೆ ಎಂದು ಪುಸ್ತಕದಲ್ಲಿ ಬರೆದಿತ್ತು. ನನ್ನ ಥಿಯೋಫಿಲಿನ್ ಗುಳಿಗೆಯ ಬಗ್ಗೆ ಇನ್ನೊಂದು ಪುಸ್ತಕ ತೆಗೆದೆ. ಅದೂ ಎದೆಬಡಿತ ಏರಿಸುವಂಥದ್ದೇ. ಎರಡೂ ಪುಸ್ತಕ ನಾನು ದಿನಾ ನಿಲ್ಲುವ ಕೌಂಟರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದವು. ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸಿತು.

ಇಬ್ಬರು ಡಾಕ್ಟರಿಗೂ ಕೊಡಲು ಎರಡು ಪಟ್ಟಿ ಟೈಪ್ ಮಾಡಿದೆ. ಒಂದರಲ್ಲಿ ಮೂಲಿಕೆಗಳ ಹೆಸರು, ಇನ್ನೊಂದರಲ್ಲಿ ನನ್ನ ಗುಳಿಗೆಗಳ ಹೆಸರು.

ಮೊದಲು ಚೈನಾಟೌನಿಗೆ ಹೋದೆವು. ಗ್ರೇಸ್ ಈ ಸಲ ಒಳಗೇ ಬಂದಳು. ಗುಳಿಗೆಯ ಪಟ್ಟಿಯನ್ನು ಅವಳು ಓದಿ ಹೇಳಿದಾಗ ಮುದುಕರು ನನ್ನನ್ನೇ ನೋಡಿದರು. ಆಮೇಲೆ ಮೇಜು ಕುಟ್ಟಿ ಕೂಗಾಡಿದರು.

"ಯಾಕೆ ಸುಳ್ಳು ಹೇಳಿದೆ ಅಂತ ಕೇಳ್ತಿದ್ದಾರೆ" ಎಂದಳು ಗ್ರೇಸ್. "ಈ ಗುಳಿಗೆ ತಗೋತಿದ್ದೆ ಅಂತ ಗೊತ್ತಿದ್ದರೆ ಆ ಮೂಲಿಕೆ ಹಾಕ್ತಾನೇ ಇರಲಿಲ್ಲವಂತೆ. ಇನ್ನೊಂದು ಮಾತು. ಜ್ವರ ಬಂದರೆ, ರಕ್ತ ಬಂದರೆ ಮೊದಲು ಆಸ್ಪತ್ರೆಗೆ ಹೋಗು, ಆಮೇಲೆ ನನ್ನ ಹತ್ತಿರ ಬಾ ಅಂತ ಹೋದ ಸಲವೇ ಹೇಳಿದ್ದರಂತೆ."

"ನನಗೆ ಯಾರೂ ಹೇಳಲಿಲ್ಲ!"

ಎಲ್ಲರೂ ಸೊಸೆಯ ಕಡೆ ತಿರುಗಿದೆವು. ಅವಳು ಕುತ್ತಿಗೆಯವರೆಗೆ ಕೆಂಪಾದಳು. "ಅವತ್ತು ತುಂಬಾ ಜನ ಕಾಯ್ತಾ ಇದ್ದರು" ಎಂದಳು. ಅವಳ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ಸುಳ್ಳು ಹೇಳಿದವಳು ನಾನು, ಅವಳು ಅರ್ಧ ಹೇಳಿದವಳು. ಕೂಗಾಡುವ ಹಕ್ಕು ನಮ್ಮಿಬ್ಬರಿಗೂ ಇರಲಿಲ್ಲ. ಮುದುಕರು ಆ ಮೂಲಿಕೆಯನ್ನು ಹೊಡೆದು ಹಾಕಿ ಹೊಸ ಚೀಟಿ ಬರೆದರು. ನನ್ನನ್ನು ವಾಪಸ್ ಕಳಿಸಲಿಲ್ಲ. ಆ ಸ್ಟೂಲಿನವನ ಮಾತು ಶುದ್ಧ ಸುಳ್ಳಾಗಿತ್ತು.

ಲಂಗ್ ಡಾಕ್ಟರ್ ಮೂಲಿಕೆಗಳ ಪಟ್ಟಿ ತೆಗೆದುಕೊಂಡು ಮಡಚಿ ಫೈಲಿನೊಳಗೆ ಇಟ್ಟರು. ಕೈ ಆಗಲೇ ಬಾಗಿಲಿಗೆ ಹೋಗುತ್ತಿತ್ತು.

"ಡಾಕ್ಟರ್, ಅದನ್ನು ಓದಿ" ಎಂದೆ. "ನೀವು ಓದುವವರೆಗೂ ನಾನು ಈ ಮೇಜಿನಿಂದ ಇಳಿಯಲ್ಲ."

ಹಾಗೆ ಹೇಳಿದ್ದು ನಾನೇನಾ ಎಂದು ಈಗಲೂ ನಂಬಿಕೆಯಿಲ್ಲ. ಕಾಗದದ ಗೌನು ತೊಟ್ಟು, ಪರೀಕ್ಷೆ ಮಾಡುವ ಮೇಜಿನ ಮೇಲೆ ಕಾಲು ನೇತಾಡಿಸಿಕೊಂಡು ಕೂತು ಹೇಳಿದೆ. ಅವರು ಮೊದಲ ಬಾರಿಗೆ ಕುರ್ಚಿ ಎಳೆದು ಕೂತರು. ಪಟ್ಟಿ ಓದಿ ಎರಡು ಹೆಸರಿಗೆ ವೃತ್ತ ಹಾಕಿದರು. "ಇವೆರಡು ನನಗೆ ಇಷ್ಟವಿಲ್ಲ. ಉಳಿದವು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಸುಳ್ಳು ಹೇಳಲಾರೆ." ಆಮೇಲೆ ಇನ್ನೊಂದು ಮಾಡಿದರು. ಕಫದ ಬಣ್ಣ ಬದಲಾದ ದಿನವೇ ಶುರು ಮಾಡಲು ಆ್ಯಂಟಿಬಯಾಟಿಕ್ ಅನ್ನು ಮುಂಚೆಯೇ ಬರೆದುಕೊಟ್ಟರು. ಇನ್ನು ಹೋಲ್ಡ್ ಸಂಗೀತ ಕೇಳುತ್ತಾ ಮೂರು ದಿನ ಕಾಯಬೇಕಾಗಿರಲಿಲ್ಲ. ಇದನ್ನು ಮೊದಲೇ ಕೊಡಬಹುದಿತ್ತಲ್ಲ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಆಮೇಲೆ ಹೇಗಿದ್ದೀರಿ ಎಂದು ಕೇಳುವವರಿಗೆ ಹೇಳುತ್ತೇನೆ: ಗುಣವಾಗಿಲ್ಲ. ಈಗಲೂ ವರ್ಷಕ್ಕೆರಡು ಸಲ ಕೆರಳುತ್ತದೆ. ಮೊದಲಿನಷ್ಟು ದಿನ ಮಲಗಿಸುವುದಿಲ್ಲ. ಒಮ್ಮೆ ಮಾತ್ರ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಇದು ಕಷಾಯದಿಂದಲೋ, ಬೇಗ ಶುರು ಮಾಡುವ ಗುಳಿಗೆಯಿಂದಲೋ, ಬೆನ್ನು ತಟ್ಟಿದ್ದರಿಂದಲೋ, ಕೊನೆಗೂ ಕಾರ್ಪೆಟ್ ಕಿತ್ತು ಹಾಕಿಸಿದ್ದರಿಂದಲೋ ನನಗೆ ಗೊತ್ತಿಲ್ಲ. "ಯಾವುದು ಕೆಲಸ ಮಾಡಿತು ಆಂಟಿ, ಒಂದೇ ಮಾತಲ್ಲಿ ಹೇಳಿ" ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಒಂದೇ ಮಾತಿನಲ್ಲಿ ಹೇಳಲು ಆಗುವುದು ಇಷ್ಟೇ: ಎಲ್ಲರಿಗೂ ಎಲ್ಲವನ್ನೂ ಹೇಳಿ. ನಂಬರ್ ಕೊಡುವಾಗಲೂ ಇದನ್ನೇ ಹೇಳುತ್ತೇನೆ, ಅವರು ನಂಬರ್ ಬರೆದುಕೊಂಡು ಹೋಗುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಮತ್ತೆ ಕೆರಳಿತ್ತು. ಗುಳಿಗೆ ಶುರು ಮಾಡಿದ್ದೆ. ಹೊರಗೆ ಎರಡು ಅಡಿ ಹಿಮ. ಮೇಧಾ ಕಾಲೇಜಿನಲ್ಲಿದ್ದಳು. ಶನಿವಾರ ಬೆಳಗ್ಗೆ ಶ್ರೀಪಾದ ಬೂಟು ಹಾಕಿಕೊಂಡು, "ಚೀಟಿ ಕೊಡು, ನಾನೇ ಹೋಗಿ ತರ್ತೀನಿ" ಎಂದರು. ಅಲ್ಲಿಯವರೆಗೆ ಅವರು ಆ ಮೆಟ್ಟಿಲು ಹತ್ತಿದವರಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸ್ ಬಂದರು. ಕೌಂಟರಿನ ಮೇಲೆ ಎರಡು ಪೊಟ್ಟಣ ಇಟ್ಟರು.

"ಇದು ನಿಂದು" ಎಂದರು.

"ಇನ್ನೊಂದು?"

ಬೂಟಿನ ಲೇಸ್ ಬಿಚ್ಚುತ್ತಾ ಕೂತರು. "ಆ ಮುದುಕ ನಾನು ಕೇಳದೇನೇ ನನ್ನ ಕೈ ಹಿಡ್ಕೊಂಡು ನಾಡಿ ನೋಡಿಬಿಟ್ಟ. ಏನೇನೋ ಹೇಳ್ದ. ಸೊಸೆ ಒಂದಕ್ಷರ ಬಿಡದೆ ಹೇಳಿದ್ಲು."

"ಏನಂತೆ?"

"ಈ ಮನುಷ್ಯ ನಿದ್ದೆ ಮಾಡಿ ವರ್ಷಗಳಾಗಿವೆ ಅಂತೆ."

"ಹೌದೇನ್ರೀ?"

ಅವರು ಬೂಟನ್ನೇ ನೋಡುತ್ತಿದ್ದರು. "ನೀನು ಉಸಿರಾಡೋದು ಕೇಳ್ತಾ ಮಲಗಿರ್ತೀನಿ. ಎಲ್ಲಿ ನಿಂತ್ಹೋಗುತ್ತೋ ಅಂತ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ವರ್ಷ ಒಂದು ಮಾತು ಹೇಳ್ಬಾರ್ದಿತ್ತಾ ನನಗೆ?"

"ಹೇಳಿದ್ರೆ ನೀನು ಉಸಿರು ಬಿಗಿಹಿಡ್ಕೊಂಡು ಮಲಗ್ತಿದ್ದೆ."

ಅದು ನಿಜ. ಎದ್ದು ಎರಡು ಪಾತ್ರೆ ಒಲೆಯ ಮೇಲಿಟ್ಟೆ. ಕುದಿದು ಇಳಿದ ಮೇಲೆ ಅವರದನ್ನು ಬಟ್ಟಲಿಗೆ ಸೋಸಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಥೂ! ಇಷ್ಟು ದಿನ ಇದನ್ನೇ ಕುಡೀತಿದ್ಯಾ?"

"ದಿನಕ್ಕೆ ಎರಡು ಸಲ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಕಣ್ಣು ಮುಚ್ಚಿ ಉಳಿದದ್ದನ್ನು ಒಂದೇ ಉಸಿರಿಗೆ ಮುಗಿಸಿ, ಬಟ್ಟಲು ಸಿಂಕಿಗೆ ಹಾಕಿ, ಸೋಫಾದ ಮೇಲೆ ಕಾಲು ಚಾಚಿದರು. ಕಿಟಕಿಯಾಚೆ ಹಿಮದ ಬೆಳಕು ಇನ್ನೂ ಜೋರಾಗಿತ್ತು. ಹತ್ತು ನಿಮಿಷದಲ್ಲಿ ಗೊರಕೆ ಶುರುವಾಯಿತು. ನಾನು ಎದುರು ಕುರ್ಚಿಯಲ್ಲಿ ಕೂತು ಆ ಗೊರಕೆ ಕೇಳುತ್ತಿದ್ದೆ. ಗಂಟಲಲ್ಲಿ ಕಿಚಕಿಚ ಶುರುವಾಯಿತು. ಬಾಯಿಗೆ ಸೆರಗು ಒತ್ತಿಕೊಂಡು ಮೆಲ್ಲಗೆ ಎದ್ದೆ. ಬೇಸ್‌ಮೆಂಟಿಗೆ ಇಳಿದು, ಬಾಗಿಲು ಹಾ​ಕಿಕೊಂಡು, ಹೊಟ್ಟೆ ತುಂಬಾ ಕೆಮ್ಮಿ ಬಂದೆ. ಅವರಿಗೆ ಎಚ್ಚರವಾಗಿರಲಿಲ್ಲ.